ಸಭೆಯ ಪಾಲು

"ಇನ್ನೊಂಚೂರು ಬಗ್ಗು ತಂಗಿ," ಎನ್ನುತ್ತ ಪರ್ಲಿನ್ ರುಮಿಯಾಳ ತಲೆಯ ಮೇಲೆ ವಿಧವೆಯ ಕಪ್ಪು ಉಲೋಸ್ ಹೊದಿಸಿದ. ತವರಿನವರೇ ತರಬೇಕಾದ ವಸ್ತ್ರ ಅದು. ಅದರ ಅಂಚಿನಿಂದ ನೋಡಿದರೆ ಅಂಗಳ, ಜನ, ಕೆಳಗಿನ ತೋಬಾ ಸರೋವರ ಎಲ್ಲವೂ ಒಲೆಯ ಹೊಗೆಯಲ್ಲಿ ತೇಲಿಕೊಂಡು ಹೋಗುತ್ತಿರುವಂತೆ ಕಂಡಿತು. ಅವಳ ಕಣ್ಣಿಗೆ ನಿದ್ದೆ ಹತ್ತಿ ಮೂರು ದಿನವಾಗಿತ್ತು.

ಪಕ್ಕದ ಪೆಟ್ಟಿಗೆಯಲ್ಲಿ ಗಂಡ ಮಂಗಾಸಿ ಮಲಗಿದ್ದ. ಐವತ್ತು ವರ್ಷ ಊರಿನ ಮದುವೆಗೂ ಸಾವಿಗೂ ಮಾಂಸದ ಪಾಲು ಕಡಿದ ಕೈಗಳಿಗೆ ಬಿಳಿ ಗವಸು ತೊಡಿಸಿದ್ದರು. ಹೆಣ್ಣು ಕೊಟ್ಟವರಿಗೆ ಯಾವ ತುಂಡು, ತಂದವರಿಗೆ ಯಾವುದು, ಯಾರಿಗೆ ದವಡೆ, ಯಾರಿಗೆ ಪಕ್ಕೆ, ಎಲ್ಲ ಅವನಿಗೆ ಬಾಯಿಪಾಠ. ಪಾಪ, ತನಗೆಂದು ಒಳ್ಳೆಯ ತುಂಡು ಇಟ್ಟುಕೊಂಡವನಲ್ಲ.

"ಒಂದು ಮಾತು ಹೇಳಿಬಿಡ್ತೀನಿ," ಪರ್ಲಿನ್ ಪಿಸುಗುಟ್ಟಿದ. "ಗುಂಡಿ ಹತ್ರ ಮೇಲಿನ ಚರ್ಚಿನ ಪಾದ್ರಿ ಬಾಯಿ ತೆಗೆದ್ರೆ ನಾವು ಎದ್ದು ಹೋಗೋರೇ."

"ಅವರು ಎರಡೂ ಚರ್ಚಿಗೆ ಹೋಗ್ತಿದ್ರಲ್ಲಣ್ಣ."

"ಅದೇ ನಿನ್ನ ಗಂಡನ ತಲೆಹರಟೆ."

ರುಮಿಯಾಳಿಗೆ ಬೇಕಾಗಿದ್ದುದು ಇಷ್ಟೇ: ಹೊತ್ತು ಮುಳುಗುವುದರೊಳಗೆ, ಒಂದೇ ಗುಂಡಿಯ ಸುತ್ತ, ಎರಡೂ ಕಡೆಯವರು ನಿಂತು ಅವನನ್ನು ಮಣ್ಣು ಮಾಡಬೇಕು.

ಅಷ್ಟರಲ್ಲಿ ಮೈದುನ ವಲ್ಮರ್ ಬಂದ. ಮೇಲಿನ ಚರ್ಚಿನ ಹಿರಿಯ. ಕೆಳಗಿನ ಚರ್ಚಿನ ಹಿರಿಯನಾದ ಪರ್ಲಿನ್‌ಗೂ ಅವನಿಗೂ ಎಣ್ಣೆ ಸೀಗೆಕಾಯಿ. ಆದರೂ ಪರ್ಲಿನ್ ಹೆಣ್ಣು ಕೊಟ್ಟ ಮನೆಯವನಲ್ಲವೇ, ವಲ್ಮರ್ ಸೊಂಟ ಬಗ್ಗಿಸಿ ಕೈಮುಗಿಯಲೇಬೇಕು.

"ಭಾವ, ಬೆನ್ನು ಬಗ್ಗಿದೆ. ಮನಸ್ಸು ಬಗ್ಗಿದೆ ಅಂತ ತಿಳ್ಕೋಬೇಡಿ."

"ಬಿಡಪ್ಪಾ, ಸರ್ಕಾರದ ಬಿಷಪ್ಪನ ಮುಂದೆ ಬಗ್ಗಿ ಬಗ್ಗಿ ಅಭ್ಯಾಸ ಆಗಿದೆಯಲ್ಲ ನಿಂಗೆ."

ಹೆಂಗಸರು ಹೊದ್ದ ವಸ್ತ್ರದ ಮರೆಯಲ್ಲಿ ನಕ್ಕು ಮತ್ತೆ ಅಳತೊಡಗಿದರು.

*

ನಾಲ್ಕು ವರ್ಷದ ಹಿಂದೆ ಚರ್ಚಿನ ಸಭೆ ಒಂದೇ ಇತ್ತು, ಹಾಡಿನ ಪುಸ್ತಕ ಒಂದೇ ಇತ್ತು, ಬಿಷಪ್ಪರು ಮಾತ್ರ ಇಬ್ಬರಾದರು. ಸರೋವರದ ಕಡೆಯವರು ತಾವು ಆರಿಸಿದವನನ್ನು ಬಿಡಲಿಲ್ಲ. ಕಣಿವೆಯ ಕಡೆಯವರು ಸರ್ಕಾರ ಒಪ್ಪಿದವನ ಹಿಂದೆ ಹೋದರು. ಎರಡೂ ಕಡೆಯ ಕುಲಗಳು ಹೆಣ್ಣು ಕೊಟ್ಟು ತಂದು ಬೆರೆತಿದ್ದ ಈ ಊರಿನಲ್ಲಿ ಕವಲುದಾರಿಯ ಮೇಲೆ ಸರ್ಕಾರದ ಬಿಷಪ್ಪನದೊಂದು, ಕೆಳಗೆ ಇನ್ನೊಬ್ಬನದೊಂದು ಚರ್ಚಾಯಿತು.

ಆ ವರ್ಷದ ಮೊದಲ ಮದುವೆಯಲ್ಲಿ "ಸಭೆಯ ಪಾಲು!" ಎಂದು ಕೂಗಿದಾಗ ಎರಡು ಕಡೆಯಿಂದ ಇಬ್ಬರು ಹಿರಿಯರು ಎದ್ದರು. ಸಭೆಗೆ ಸಲ್ಲುವುದು ಎಮ್ಮೆಯ ಕತ್ತು, ಒಂದೇ ತುಂಡು. ಮಂಗಾಸಿ ಬಹಳ ಹೊತ್ತು ಕತ್ತಿ ಹಿಡಿದು ಕೂತಿದ್ದ. ಬಡಿದಾಟ ಆದೀತೆಂದು ಹೆದರಿ ನಡುವೆ ಕಡಿದುಬಿಟ್ಟ.

ಸಂಜೆ ಹಿತ್ತಲಲ್ಲಿ ನಿಂಬೆಹಣ್ಣು ತಿಕ್ಕಿ ತಿಕ್ಕಿ ಕೈ ತೊಳೆಯುತ್ತಿದ್ದ.

"ಚರ್ಮ ಕಿತ್ತು ಬರುತ್ತೆ, ಸಾಕು ಬನ್ರೀ," ಎಂದಳು ರುಮಿಯಾ.

"ಇವತ್ತು ಎಮ್ಮೆ ಅಲ್ಲ ಕಣೇ, ಸಭೇನೇ ಕಡಿದೆ. ನಾನು ಕತ್ತಿ ಕೆಳಗಿಟ್ಟಿದ್ರೆ ಅವರೇ ಏನೋ ಮಾಡ್ಕೋತಿದ್ರು. ಇನ್ಮೇಲೆ ಇದೇ ಪದ್ಧತಿ ಆಗೋಗುತ್ತೆ ನೋಡು."

ಹಾಗೇ ಆಯಿತು. ನಾಲ್ಕು ವರ್ಷ ಪ್ರತಿ ಊಟದಲ್ಲೂ ಕಡಿದ. ಒಂದು ಭಾನುವಾರ ಮೇಲೆ, ಒಂದು ಭಾನುವಾರ ಕೆಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದ. ಕಳೆದ ತಿಂಗಳು ಹಾಸಿಗೆ ಹಿಡಿದಾಗ ಅವಳ ಕೈ ಹಿಡಿದು, "ನನ್ನ ಸಾವಿನ ಎಮ್ಮೆ ಕತ್ತು ಮಾತ್ರ ಎರಡಾಗಿ ಕಡೀಬೇಡಿ," ಎಂದಿದ್ದ.

*

ಡೋಲು ನಿಂತಿತು. ಪಾಲು ಹಂಚಿ ಮುಗಿಯದೆ ಪೆಟ್ಟಿಗೆ ಎತ್ತುವಂತಿಲ್ಲ, ಸರೋವರದ ಮೇಲೆ ಬಿಸಿಲು ಆಗಲೇ ಕೆಂಪಾಗಿತ್ತು. ಜೊಂಪಿನಲ್ಲಿದ್ದ ರುಮಿಯಾಳಿಗೆ ಗಂಡ ಗವಸು ಕಳಚಿಟ್ಟು, ಮಾಂಸದ ಕೊರಡಿನ ಬಳಿ ಎಂದಿನಂತೆ ಕುಕ್ಕರಗಾಲಲ್ಲಿ ಕೂತಂತೆ ಕಂಡಿತು. ಅವಳಿಗೆ ಅದರಲ್ಲೇನೂ ವಿಚಿತ್ರ ಅನಿಸಲಿಲ್ಲ.

"ಸಭೆಯ ಪಾಲು!"

ಪರ್ಲಿನ್ ಎದ್ದ. ವಲ್ಮರ್ ಎದ್ದ. ಮಾವನ ಬದಲು ಕಡಿಯಲು ಕೂತಿದ್ದ ಅಳಿಯ ತೋಗರ್ ಕತ್ತಿ ಎತ್ತಿದ.

ರುಮಿಯಾ ಪೆಟ್ಟಿಗೆಯ ಮಗ್ಗುಲು ಬಿಟ್ಟು ಎದ್ದು ನಡೆದಳು. "ಅಯ್ಯಯ್ಯೋ, ಗಂಡನ್ನ ಕಳಕೊಂಡೋಳು ಹೆಣ ಬಿಟ್ಟು ಏಳೋದುಂಟಾ!" ಎಂದರು ಯಾರೋ. ಅವಳು ಕೊರಡಿನ ಮುಂದೆ ಕೂತು ಎಮ್ಮೆಯ ಕತ್ತಿನ ಮೇಲೆ ಅಂಗೈ ಇಟ್ಟಳು. ಅದು ಇನ್ನೂ ಬೆಚ್ಚಗಿತ್ತು.

"ಅತ್ತೆ, ಕೈ ತೆಗೀರಿ," ಎಂದ ತೋಗರ್.

"ಕಡೀಬೇಡಿ ಅಂದಿದ್ರು ನಿಮ್ಮ ಮಾವ."

"ಹೊತ್ತು ಮುಳುಗ್ತಿದೆ ತಂಗಿ!"

"ಮುಳುಗಲಿ. ಸಭೆಗೆ ಒಂದು ಪಾಲು, ಇದೇ. ಬೇಡ ಅನ್ನೋರು ಸತ್ತವರ ಮುಖ ನೋಡ್ಕೊಂಡು ಬೇಡ ಅನ್ನಿ."

ಸತ್ತವನ ಪಾಲು ಬೇಡವೆಂದ ಬಾಯಿ ಆ ಸೀಮೆಯಲ್ಲೇ ಇರಲಿಲ್ಲ. "ಒಂದು ತುಂಡು ಇಬ್ಬರು ಹೆಂಗೆ ತಗೊಳ್ಳೋದು ಅತ್ತಿಗೆ?" ಎಂದ ವಲ್ಮರ್.

"ಆ ಕಡೆ ನೀನು ಹಿಡ್ಕೋ. ಈ ಕಡೆ ಅಣ್ಣ ಹಿಡ್ಕೊಳ್ಳಲಿ."

ಮುಖ ಗಂಟಿಕ್ಕಿಕೊಂಡೇ ಇಬ್ಬರೂ ಕತ್ತನ್ನಿಟ್ಟ ಚಾಪೆಯ ಎರಡು ತುದಿ ಹಿಡಿದರು. ಪಡೆದ ಪಾಲು ಮನೆ ಮುಟ್ಟುವ ತನಕ, ಸಭೆಯದಾದರೆ ಚರ್ಚು ಮುಟ್ಟುವ ತನಕ, ನೆಲಕ್ಕೆ ತಾಗಬಾರದು. ಬೇರೆಯವರ ಕೈಗೆ ದಾಟಿಸಲೂ ಬಾರದು. ಹಾಗೇ ಹೊತ್ತು ಪೆಟ್ಟಿಗೆಯ ಹಿಂದೆ ನಡೆದರು.

ಗುಂಡಿಯ ಬಳಿ ಮೇಲಿನ ಚರ್ಚಿನ ಪಾದ್ರಿ ಪುಸ್ತಕ ತೆರೆದ. ಪರ್ಲಿನ್ ಸಿಡುಕಿ ತಿರುಗಿದ. ಚಾಪೆ ಜಗ್ಗಿತು, ಎಮ್ಮೆಯ ಕತ್ತು ಉರುಳಿ ಅಂಚಿಗೆ ಬಂತು.

"ಭಾವ, ಬೀಳುತ್ತೆ!" ವಲ್ಮರ್ ಕೂಗಿದ.

ಪರ್ಲಿನ್ ನಿಂತ. ಅವನು ನಿಂತನೆಂದು ಅವನ ಹಿಂದಿದ್ದವರೆಲ್ಲ ನಿಂತರು. ಆಮೇಲೆ ಕೆಳಗಿನ ಚರ್ಚಿನ ಪಾದ್ರಿಯೂ ಪ್ರಾರ್ಥಿಸಿದ. ವಲ್ಮರ್ ಕೂಡ ಅಲುಗಲಿಲ್ಲ. ಒಂದೇ ಪುಸ್ತಕದ ಹಾಡನ್ನು ಎಲ್ಲರೂ ಹಾಡಿದರು. ರುಮಿಯಾ ಮಣ್ಣು ಹಾಕಿ, ಅಂದು ಮೊದಲ ಸಲ ಮನಸಾರೆ ಅತ್ತಳು.

ಜನ ಚದುರಿದ ಮೇಲೆ ಅವಳು ದಿಬ್ಬದಿಂದ ಕೆಳಗೆ ನೋಡಿದಳು. ಮಂಜು ಏಳುತ್ತಿದ್ದ ಕವಲುದಾರಿಯಲ್ಲಿ, ಮೇಲಿನ ಚರ್ಚಿಗೂ ಹೋಗದೆ, ಕೆಳಗಿನ ಚರ್ಚಿಗೂ ಹೋಗದೆ, ಇಬ್ಬರು ಮುದುಕರು ನಡುವೆ ಚಾಪೆ ಹಿಡಿದು ನಿಂತಿದ್ದರು. ನಾಯಿಯೊಂದು ಎದುರಿಗೆ ಕೂತು ಅವರನ್ನೇ ನೋಡುತ್ತಿತ್ತು. ಪರ್ಲಿನ್ ಏನೋ ಹೇಳಿದ. ವಲ್ಮರ್ ತಲೆಯಾಡಿಸಿದ. ಭಾರ ತಡೆಯಲಾರದೆ ಇಬ್ಬರೂ ಕೈ ಬದಲಿಸಿಕೊಂಡರು, ಚಾಪೆ ಬಿಡಲಿಲ್ಲ.