ಭುಜದ ಮೇಲಿನ ಮೂರು ಬೆರಳು

ಶ್ರದ್ಧಾಂಜಲಿಯ ಬ್ಯಾನರಿನ ನೆರಳಲ್ಲಿ ನಿಂತು ಟೀ ಕುಡಿಯುವವರೇ, ಸತ್ತವನ ಭುಜದ ಮೇಲೆ ಉಳಿದುಹೋದ ಬೆರಳುಗಳು ಯಾರವೆಂದು ಒಮ್ಮೆಯಾದರೂ ಕೇಳಿದ್ದೀರಾ — ಇಲ್ಲ, ಹೂವಿನ ಚೌಕಟ್ಟು, ಎರಡು ದೀಪ, ಜನನ, ಮರಣ, ಅಷ್ಟು ಓದಿ ಲೋಟ ಕೆಳಗಿಡುತ್ತೀರಿ, ಇಲ್ಲಿ ಆಂಡರ್ಸನ್‌ಪೇಟೆಯ ನನ್ನ ಡಿಸೈನ್ ಅಂಗಡಿಯ ಕಂಪ್ಯೂಟರ್ ಪರದೆಯ ಮೇಲೆ ಸತ್ತ ಸೊಣ್ಣಪ್ಪ ಮತ್ತೆ ಬಲಕ್ಕೆ ಸರಿದಿದ್ದಾನೆ, ನಡುವಿಗೆ ಎಂಬ ಗುಂಡಿ ಒತ್ತಿದೆ, ಸರಿದ, ಕೈಯಿಂದ ಎಳೆದು ನಡುವೆ ಕೂರಿಸಿದೆ, ದೀಪಗಳಿಗೆ ಹೊಂದಿಸಲೆಂದು ಮತ್ತೆ ಒತ್ತಿದೆ, ಮತ್ತೆ ಸರಿದ, ಬಸ್ಸಿನ ಸೀಟಿನಲ್ಲಿ ಕುಳಿತವನು ಯಾರಿಗೋ ಜಾಗ ಬಿಡುವಂತೆ, ಎಡಗಡೆ ಬರಿದು. ಕಾರಣ ನನಗೆ ಗೊತ್ತು, ಗೊತ್ತಿದ್ದೂ ಮತ್ತೆ ಮತ್ತೆ ಒತ್ತಿ ನೋಡುತ್ತೇನೆ. ಮಾಸ್ಕ್ ಎನ್ನುವ ಮೊಟ್ಟೆಯಾಕಾರದ ಕಿಂಡಿಯೊಳಗೆ ಅವನ ಮುಖ, ಭುಜ ಮಾತ್ರ ಕಾಣುತ್ತವೆ, ಪಟದ ಉಳಿದ ಭಾಗ ಕತ್ತರಿಸಿಹೋಗಿಲ್ಲ, ಮರೆಯಾಗಿದೆ ಅಷ್ಟೇ, ಯಂತ್ರ ಮಾತ್ರ ಕಾಣುವುದನ್ನೂ ಕಾಣದ್ದನ್ನೂ ಒಟ್ಟಿಗೆ ಅಳೆದು ನಡುವನ್ನು ಹುಡುಕುತ್ತದೆ, ಮರೆಯ ಆ ಕಡೆ ಅವನ ಪಕ್ಕದಲ್ಲಿ ವೆಂಕಟರತ್ನಮ್ಮ ಕುಳಿತಿದ್ದಾಳೆ, ಹಸಿರು ಸೀರೆ, ನಗು ತಡೆದ ತುಟಿ, ಕೈ ಅವನ ಭುಜದ ಮೇಲೆ, ಬದುಕಿರುವ ಹೆಂಗಸು.

ಏನ್ ಮೇಡಂ, ಇನ್ನಾ ಆಗಿಲ್ವಾ, ಬೆನ್ನ ಹಿಂದೆ ಸ್ಟೂಲಿನ ಮೇಲೆ ಮುನಿರಾಜ್, ಸತ್ತವನ ತಮ್ಮನ ಮಗ, ಕಾಮಸಮುದ್ರದ ಕಡೆಯವನು, ನಮ್ ದೊಡ್ಡಪ್ಪ ಬದುಕಿದ್ದಾಗ್ಲೂ ಇಂಗೇ ಕಣ್ರೀ, ಕುಂತ ಜಾಗದಾಗೆ ಕುಂತೋನಲ್ಲ, ಎಂದು ತನ್ನ ಮಾತಿಗೆ ತಾನೇ ನಗುತ್ತಾನೆ. ಆ ಬೆರಳು ಅಳ್ಸಾಕಿ, ಎನ್ನುತ್ತಾನೆ. ಅಳಿಸಿದ್ದೇನೆ, ಅಂದರೆ ಅಂಗಿಯ ಬಣ್ಣದ ಒಂದು ತೇಪೆಯನ್ನು ಭುಜದ ಮೇಲಿಟ್ಟು ಮುಚ್ಚಿದ್ದೇನೆ, ಟೀಚರಾಗಿದ್ದಾಗ ಮಕ್ಕಳಿಗೆ ಸತ್ಯ ಬರೆಸಿದ ಇದೇ ಕೈಯಿಂದ — ಗಣಿ ಮುಚ್ಚಿತು, ಊರು ಬರಿದಾಯಿತು, ಶಾಲೆಯೂ ಮುಚ್ಚಿತು, ಆದರೆ ಪಾಠ ಮುಚ್ಚಿಲ್ಲವಲ್ಲ — ಈಗ ನಡುವಿಗೆ ಎಂದು ಒತ್ತಿದಾಗ ಪಟ ತೇಪೆಯ ಕೆಳಗಿನಿಂದ ಜಾರಿತು, ತೇಪೆ ಅಲ್ಲೇ ಗಾಳಿಯಲ್ಲಿ ನಿಂತಿತು, ಬೆರಳುಗಳು ಹೊರಗೆ ಬಂದವು, ಮೂರು, ಉಗುರಿಗೆ ಗೋರಂಟಿ, ಅಂಗಿಯನ್ನು ಮೆಲ್ಲನೆ ಒತ್ತಿ ಹಿಡಿದಿವೆ, ನಾನು ಈಗಷ್ಟೇ ಮುಚ್ಚಿದ ಬೆರಳು.

ಬೆಳಿಗ್ಗೆ ವೆಂಕಟರತ್ನಮ್ಮ ಬಂದಿದ್ದಳು, ಹೊಸ್ತಿಲು ದಾಟಲಿಲ್ಲ. ಮೇಡಂನೋರೇ, ಪಟ ದೊಡ್ದು ಮಾಡಿಸ್ಕೊಂಡ್ ಬತ್ತೀನಿ ಅಂತ ಇಸ್ಕೊಂಡೋದ ಆ ಹುಡುಗ, ಗೋಡೆ ಮ್ಯಾಲೆ ಮೊಳೆ ಒಂದೇ ಐತೆ. ಇರುವುದು ಅದೊಂದೇ ಪಟ, ಮುನಿರಾಜನ ಕೈಯಿಂದ ನನ್ನ ಮೇಜಿಗೆ ಬಂದಿದೆ, ಸ್ಕ್ಯಾನ್ ಆದ್ಮೇಲೆ ಅರ್ದಾಕಿ ಎಂದಿದ್ದಾನೆ ಇವನು. ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಳ್ಳುತ್ತಿದ್ದವನ ಬೆನ್ನು ನೀವಿದವಳು, ಗಂಜಿ ಕುಡಿಸಿದವಳು ಅವಳು, ಕೇಳಿದ್ದೇನು — ನಾಳೆ ಪಟದ ಮುಂದೆ ಎಡೆ ಇಕ್ಕ್ತಾರಂತೆ, ಅವ್ರ್ ಮುಂದೆ ಅವ್ರಿಗೆ ಇಷ್ಟ ಅಂತ ಕಜ್ಜಾಯ ಮಡಗ್ತಾರಂತೆ, ಅವ್ರು ಸಿಹಿ ಮುಟ್ಟೋರೇ ಅಲ್ಲ, ಹುರುಳಿ ಸಾರು ಇಕ್ಕ್ಬೇಕು, ನಂಗೊಂದ್ ಗಳಿಗೆ ಒಳೀಕ್ ಬಿಟ್ರೆ ಸಾಕು, ಇಕ್ಕ್ಬುಟ್ಟು ಒಂಟೋಯ್ತೀನಿ. ಬಿಡ್ತಾರಾ? ಅದನ್ನು ಈಗ ನಾನು ಕೇಳಿದೆ, ಮುನಿರಾಜ್ ಮುಖ ಗಂಟಿಕ್ಕಿದ, ಅವ್ಳೇನ್ ತಾಳಿ ಕಟ್ಟಿಸ್ಕಂಡೋಳಾ, ಸೊಂಟಿ ಬೆಳ್ಳುಳ್ಳಿ ಮಾರಾಕಂತ ಬಂದ್ ಸೇರ್ಕಂಡೋಳು, ನೆಂಟ್ರು ನಗಾಡ್ತಾರೆ, ನಮ್ ದೊಡ್ಡಪ್ಪ ಒಂಟಿ ಜೀವ ಮೇಡಂ. ಒಂಟಿ! ಒಂಟಿಯಾದವನು ಯಾರಿಗಾಗಿ ಪಕ್ಕಕ್ಕೆ ಸರಿಯುತ್ತಾನೆ?

ಕಿಟಕಿಯ ಗಾಜು ಗುಡುಗುಟ್ಟಿತು, ನೆಲದ ಆಳದಲ್ಲೆಲ್ಲೋ ಹಳೆಯ ಗಣಿಯ ಸುರಂಗದಲ್ಲಿ ಬಂಡೆ ಸಿಡಿದಿರಬೇಕು, ಈ ಊರಿನಲ್ಲಿ ಅದಕ್ಕೆ ಯಾರೂ ತಲೆಯೆತ್ತುವುದಿಲ್ಲ, ಪರದೆ ಒಮ್ಮೆ ಅದುರಿ ನಿಂತಿತು, ಅದುರಿದಾಗ ಬೆರಳುಗಳು ಹಿಡಿತವನ್ನು ಬಿಗಿ ಮಾಡಿದಂತೆ — ಇಲ್ಲ, ಅದು ಕಣ್ಣಿನ ಭ್ರಮೆ, ನಾನು ವಿವೇಕವುಳ್ಳವಳು. ಮಾಸ್ಕಿನಾಚೆಯದನ್ನು ನಿಜವಾಗಿ ಕತ್ತರಿಸಿಬಿಟ್ಟರೆ ಮುಗಿಯಿತು, ಒಂದು ಒತ್ತು, ಅವಳಿಲ್ಲ, ಅವನು ನಡುವಿಗೆ ಬಂದು ಕೂರುತ್ತಾನೆ, ಬೆರಳು ಮೌಸಿನ ಮೇಲಿದೆ, ನನ್ನ ಬೆರಳು, ಒತ್ತುವುದಿಲ್ಲ, ಏಕೆ ಒತ್ತಬೇಕು, ಯಂತ್ರಕ್ಕಿರುವ ನ್ಯಾಯ ನನಗಿರಬಾರದೇ. ಗಾಳಿಯಲ್ಲಿ ನಿಂತ ತೇಪೆಯನ್ನು ತೆಗೆದುಹಾಕಿದೆ. ನೋಡಪ್ಪ, ಅವಳನ್ನು ಕತ್ತರಿಸದೆ ಇವನು ನಡುವೆ ನಿಲ್ಲುವುದಿಲ್ಲ, ನಾನು ಕತ್ತರಿಸುವುದಿಲ್ಲ, ಬೆರಳೂ ಇರುತ್ತದೆ ಎಂದೆ. ಬಂಗಾರಪೇಟೆ ಬಸ್ಸಿನ ಹಾರನ್ ಕೇಳಿತು, ಮುನಿರಾಜ್ ಎದ್ದು ನಿಂತ, ಅಯ್ಯೋ ಓಗ್ಲಿ ಬಿಡಿ ಮೇಡಂ, ಅಂಗೇ ಪ್ರಿಂಟ್ ಒಡೀರಿ, ಬೆರಳ್ನ ಯಾವನ್ ನೋಡ್ತಾನೆ.

ಯಾವನು ನೋಡುತ್ತಾನೆ. ಪ್ರಿಂಟಿಗೆ ಕಳುಹಿಸಿದೆ, ಹಳೆಯ ಪಟವನ್ನು ಹರಿಯದೆ ಸೆರಗಿನಲ್ಲಿ ಸುತ್ತಿಟ್ಟುಕೊಂಡೆ, ಸಂಜೆ ವೆಂಕಟರತ್ನಮ್ಮನ ಗೋಡೆಯ ಮೊಳೆಗೆ ಅದನ್ನು ಮುಟ್ಟಿಸುತ್ತೇನೆ, ನನ್ನಿಂದಾಗುವುದು ಅಷ್ಟು, ಎಡೆಯಿಡುವ ಮನೆಯ ಬಾಗಿಲು ನನ್ನದಲ್ಲ. ನಾಳೆ ಬೀದಿಯ ತಿರುವಿನಲ್ಲಿ ಬ್ಯಾನರ್ ತೂಗುತ್ತಿರುತ್ತದೆ, ಸೊಣ್ಣಪ್ಪ ಬಲಕ್ಕೆ ಸರಿದಿರುತ್ತಾನೆ, ಎಡಗಡೆ ಬರಿದು, ಭುಜದ ಮೇಲೆ ಮೂರು ಬೆರಳು, ಗೋರಂಟಿಯ ಉಗುರು, ಎಡೆಗೆ ಕರೆಸಿಕೊಂಡವರು ನೀವು, ಹುರುಳಿ ಸಾರಿನ ಪಾತ್ರೆ ಹಿಡಿದು ಬಾಗಿಲಾಚೆ ಒಬ್ಬಳು ನಿಂತಿರುತ್ತಾಳೆ, ಅವಳ ಕೈ ನೋಡಿ — ಮೂರು ಬೆರಳು, ಆ ಮೂರು ಬೆರಳು — ನೋಡಿ, ಒಳಗೆ ಕರೆಯಿರಿ.