ಕಾವಮ್ಮ ಕೊಡದ ಔಷಧಿ

ಚಹಾದ ಲೋಟವಿರಲಿ, ಪ್ರಯೋಗಾಲಯದ ಗೋಡೆಯಿರಲಿ, ಎದುರಿಗೆ ಕೂತವರ ಹಣೆಯೇ ಇರಲಿ, ಕೈಯ ಹಿಂಬದಿಯನ್ನು ತಾಗಿಸಿ ಕಾವು ನೋಡದೆ ಮುಂದಿನ ಮಾತಿಗೆ ಹೋಗದ ಆ ವಿಜ್ಞಾನಿಗೆ ನಾವೆಲ್ಲ ಕಾವಮ್ಮ ಎಂದು ಹೆಸರಿಟ್ಟಿದ್ದೆವು. ಮೊಟ್ಟೆಯ ಮೇಲೆ ಕಾವಿಗೆ ಕೂತ ಹೇಂಟೆಯಂತೆ ಒಂದೇ ಸಂಶೋಧನೆಯ ಮೇಲೆ ವರ್ಷಗಟ್ಟಲೆ ಕೂತಿದ್ದರಿಂದಲೂ ಆ ಹೆಸರು ಒಪ್ಪುತ್ತಿತ್ತು. ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಕೂರುತ್ತಿದ್ದ ನನಗೆ ಅವರ ಆಗಮನ ಚಪ್ಪಲಿಯ ಸದ್ದಿನಿಂದಲೇ ತಿಳಿಯುತ್ತಿತ್ತು: ಸ್ವಲ್ಪ ದೂರ ಧಾವಂತ, ಆಮೇಲೆ ಏನೋ ನೆನಪಾದಂತೆ ಗಕ್ಕನೆ ನಿಲುಗಡೆ.

ಅವರ ಶತ್ರು, ಕೋಳಿಯ ಕರುಳನ್ನು ಕೊರೆದು ರಕ್ತಭೇದಿ ತರಿಸುವ, ಬರಿಗಣ್ಣಿಗೆ ಕಾಣದ ಒಂದು ಪರೋಪಜೀವಿ. ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟಿನ ತಂಪಿನಲ್ಲಿದ್ದ ಆ ಜೀವಿ ಕೋಳಿಯ ಒಡಲಿನ ಬಿಸಿಗೆ ಬಿದ್ದೊಡನೆ ಅದರೊಳಗಿನ ಪ್ರೋಟೀನುಗಳು ಮುದುಡಿ ಕೆಡಬೇಕು. ಕೆಡದಂತೆ ಅವನ್ನು ಹಿಡಿದು ನಿಲ್ಲಿಸುವುದು ಶಾಖಾಘಾತ ಪ್ರೋಟೀನು ಎಂಬ ಇನ್ನೊಂದು. "ಕಳ್ಳನಿಗೂ ಒಬ್ಬ ಕಾವಲುಗಾರ ಇದ್ದಾನೆ. ಅವನ ಕೈ ಕಟ್ಟಿಹಾಕಿದ್ರೆ ಸಾಕು," ಎನ್ನುತ್ತಿದ್ದರು. ಕೈ ಕಟ್ಟುವ ಔಷಧಿಯೂ ಸಿದ್ಧವಾಗಿತ್ತು. ಗಾಜಿನ ತಟ್ಟೆಯಲ್ಲಿ ಗೆದ್ದಿತ್ತು, ಕೋಳಿಯ ಮೈಯಲ್ಲಿ ಗೆಲ್ಲುವುದಷ್ಟೇ ಬಾಕಿ.

ಅಂಥ ಹೊತ್ತಿನಲ್ಲೇ ಅವರ ಅಣ್ಣ ಬಂದದ್ದು. ಕೋಳಿ ಸಾಕಿಯೇ ತಂಗಿಯನ್ನು ಓದಿಸಿದ ಮನುಷ್ಯ. ಅಂಗಿಯ ತೋಳಿಗೆ ಇನ್ನೂ ಪುಕ್ಕ ಅಂಟಿತ್ತು.

"ಒಂದು ಶೆಡ್ ಪೂರ್ತಿ ಮಲಗಿದೆ ಕಣಮ್ಮ. ಅಂಗಡೀಲಿ ಸಿಗೋ ಯಾವ ಔಷಧಿಗೂ ರೋಗ ಬಗ್ತಿಲ್ಲ. ನಿನ್ನದನ್ನ ಕೊಡು."

"ಅಂಥದ್ದೇ ಪ್ರೋಟೀನು ಕೋಳಿಯಲ್ಲೂ ಇದೆ ಅಣ್ಣ. ಈ ಔಷಧಿಗೆ ಕಳ್ಳ ಯಾರು, ಮನೆಯವರು ಯಾರು ಅಂತ ಗೊತ್ತಾಗುತ್ತೋ ಇಲ್ಲವೋ, ಇನ್ನೂ ನೋಡಿಲ್ಲ."

"ಹೇಗೂ ಸಾಯೋವೇ ತಾನೆ?"

"ಪಕ್ಕದ ಶೆಡ್‌ನವು ಚೆನ್ನಾಗಿವೆಯಲ್ಲ. ಸೀಸೆ ಕೈಗೆ ಸಿಕ್ಕರೆ ನೀನು ಅವಕ್ಕೂ ಹಾಕ್ತೀಯ."

ಅಣ್ಣ ಅಲ್ಲಗಳೆಯಲಿಲ್ಲ. "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ," ಎಂದು ಬಾಗಿಲು ದಾಟಿದರು.

ಆಮೇಲೆ ನಡೆದ ಪರೀಕ್ಷೆಯಲ್ಲಿ ರೋಗದ ಕೋಳಿಗಳು ಔಷಧಿ ತಿಂದು ಚೇತರಿಸಿಕೊಂಡವು. ಸಂಸ್ಥೆಯ ನಿರ್ದೇಶಕರು ಪತ್ರಕರ್ತರನ್ನು ಕರೆಸಲು ಹೊರಟರು. ಕಾವಮ್ಮ ಮಾತ್ರ, ಔಷಧಿ ತಿಂದ ಆರೋಗ್ಯವಂತ ಕೋಳಿಗಳ ಕೋಣೆಗೆ ಕಡುಬೇಸಗೆಯ ಮಧ್ಯಾಹ್ನದಷ್ಟು ಶಾಖ ಏರಿಸುವಂತೆ ಹೇಳಿ, ಒಳಗೇ ನಿಂತರು. ನಾನು ಗಾಜಿನಾಚೆ ನಿಂತು ನೋಡುತ್ತಿದ್ದೆ. ಔಷಧಿ ಮುಟ್ಟದ ಕೋಳಿಗಳು ಪಕ್ಕದ ಕೋಣೆಯಲ್ಲಿ, ಅಷ್ಟೇ ಶಾಖದಲ್ಲಿ, ಕೊಕ್ಕು ತೆರೆದು ಏದುತ್ತ ನಿಂತೇ ಇದ್ದವು. ಇಲ್ಲಿಯವು ರೆಕ್ಕೆ ಜೋಲುಬಿಟ್ಟು, ಕತ್ತು ವಾಲಿಸಿ, ಒಂದರ ಮೇಲೊಂದು ಕುಸಿದವು.

"ಕಾವು ಇಳಿಸಿ, ಬೇಗ!" ಎಂದು ಕಾವಮ್ಮ ಕೂಗಿದರು.

ಇಳಿಸುವಷ್ಟರಲ್ಲಿ ಹಲವು ಸತ್ತಿದ್ದವು. ಔಷಧಿ ಕೋಳಿಯದೇ ಕಾವಲುಗಾರನ ಕೈಯನ್ನೂ ಕಟ್ಟಿಹಾಕಿತ್ತು.

"ರೋಗ ವಾಸಿಯಾದದ್ದನ್ನಷ್ಟೇ ಹೇಳೋಣ. ಬಿಸಿಲಿನ ಮಾತು ಆಮೇಲೆ," ಎಂದರು ನಿರ್ದೇಶಕರು.

"ಆಮೇಲೆ ಅಂದ್ರೆ ಯಾರ ಶೆಡ್‌ನಲ್ಲಿ, ಸಾರ್?"

ಪತ್ರಕರ್ತರಿಗೆ ಕರೆ ಹೋಗಲಿಲ್ಲ.

ಅಣ್ಣನ ಆ ಶೆಡ್ ಉಳಿಯಲಿಲ್ಲ. ಕಾವಮ್ಮ ರಜೆ ಹಾಕಿ ಹೋಗಿ, ತೋಳೇರಿಸಿ, ಆ ಜೀವಿ ಅಡಗಿದ್ದ ಒದ್ದೆ ಹೊಟ್ಟನ್ನೆಲ್ಲ ಬಾಚಿ ಹೊರಹಾಕಿದರಂತೆ. ಅಣ್ಣ ಇನ್ನೊಂದು ಸಲಿಕೆ ತಂದು ಪಕ್ಕದಲ್ಲಿ ನಿಂತರಂತೆ. ಇನ್ನೊಂದು ಶೆಡ್ ಉಳಿಯಿತು. ಈಗ ಕಾವಮ್ಮ ಆ ಜೀವಿಯ ಪ್ರೋಟೀನಿಗೂ ಕೋಳಿಯದಕ್ಕೂ ಇರುವ ಕೂದಲೆಳೆಯ ವ್ಯತ್ಯಾಸವನ್ನು ಅರಸುತ್ತ ಮತ್ತೆ ಮೊದಲಿನಿಂದ ಆರಂಭಿಸಿದ್ದಾರೆ.

ಹೆತ್ತವರ, ಒಡಹುಟ್ಟಿದವರ ಕಣ್ಣೀರಿನ ಎದುರಿಗೂ 'ಇನ್ನೂ ಗೊತ್ತಿಲ್ಲ' ಎನ್ನಬಲ್ಲವರ ಕುಲ ವಿರಳವಾದದ್ದು. ಅವರು ತಪ್ಪಿಸಿದ ಕೇಡು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಅವರಿಗೆ ಹಾರವಿಲ್ಲ, ತುರಾಯಿಯಿಲ್ಲ. ತಮ್ಮವರ ಮುನಿಸನ್ನು ಮಾತ್ರ ಅವರು ಗೊತ್ತಿದ್ದೂ ಗೊತ್ತಿದ್ದೂ ಹೊತ್ತುಕೊಳ್ಳುತ್ತಾರೆ.