ಒಂಟಿತನಕ್ಕೆ ನಾಲ್ಕು ಚೌಕ

“ಎಳೀಬೇಡ ಅಣ್ಣ, ಎತ್ತು. ಕಾಲು ಸಿಕ್ಕಾಕ್ಕೊಂಡಿದೆ.”

“ಎತ್ತುತ್ತಾನೇ ಇದೀನಿ ಕಣೇ. ನೀನು ಸ್ವಲ್ಪ ಓರೆ ಮಾಡು.”

ಊಟದ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡು ಹಿಂದಕ್ಕೂ ಬರಲೊಲ್ಲದು, ಮುಂದಕ್ಕೂ ಹೋಗಲೊಲ್ಲದು. ಆಸ್ಪತ್ರೆಯಿಂದ ಅಪ್ಪನ ದೇಹ ಬರಲು ಇನ್ನು ಅರ್ಧ ಗಂಟೆಯಿತ್ತು. ಮಲಗಿಸಲು ಮನೆಯಲ್ಲಿ ಮೇಜಿದ್ದ ಜಾಗ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಆ ಮೇಜಿನ ನಾಲ್ಕು ಬದಿಗೆ ನಾಲ್ವರು ಕೂತು, ತಂತಮ್ಮ ತಟ್ಟೆ ನೋಡಿಕೊಂಡು ಎಷ್ಟೋ ವರ್ಷ ಉಂಡಿದ್ದರು. ಯಾರಾದರೂ ಬಾಯಿ ತೆರೆದರೆ ಅಪ್ಪ ಚಮಚವನ್ನು ತಟ್ಟೆಯ ಪಕ್ಕ ನೆಟ್ಟಗೆ ಇಟ್ಟು ಕಾಯುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

“ಕಾಲೇಜಿಂದ ನಿನ್ನ ಆ ಹಾಳೆ ತರಿಸ್ತಿದೀಯಂತೆ?” ಅಣ್ಣ ಏದುಸಿರು ಬಿಡುತ್ತ ಕೇಳಿದ.

“ಹೂಂ. ಅಪ್ಪನ ಜೊತೆ ಕಳಿಸ್ತೀನಿ. ಇಪ್ಪತ್ತೆರಡು ವರ್ಷ ಬೀರುವಲ್ಲಿ ಇಟ್ಕೊಂಡಿದ್ರು. ಸುಮ್ಸುಮ್ನೆ ಇಟ್ಕೋತಾರಾ?”

“ನನ್ನದು ಒಂದು ಮಾರ್ಕ್ಸ್ ಕಾರ್ಡೂ ಇಟ್ಕೊಳ್ಳಲಿಲ್ಲ ಪುಣ್ಯಾತ್ಮ.”

ಅಣ್ಣನಿಗೆ ಹೊಟ್ಟೆಕಿಚ್ಚು. ಅವಳಿಗೆ ಅದು ಹಿತವೆನಿಸಿತು, ನಾಚಿಕೆಯೂ ಆಯಿತು. ಅಷ್ಟರಲ್ಲಿ ಮೇಜು ಗೋಡೆಯ ಸುಣ್ಣ ಕೆರೆದುಕೊಂಡು ಹೊರಬಿತ್ತು.

*

ಅಪ್ಪ ಕಲಾ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ವಿನ್ಯಾಸದ ಮೂಲಪಾಠ ಹೇಳುತ್ತಿದ್ದರು. ಮರವಿಲ್ಲ, ಮುಖವಿಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ಬಿಳಿ ಹಾಳೆ, ಕಪ್ಪು ಕಾಗದ, ಕತ್ತರಿ, ಗೋಂದು. ಚಿತ್ರ ಬರೆಯುವ ಆಸೆಯಿಂದ ಬಂದವರನ್ನು ವರ್ಷವಿಡೀ ಚೌಕ ಕತ್ತರಿಸಲು ಕೂರಿಸಿದರೆ ಯಾರು ತಾನೇ ಹೊಗಳಿಯಾರು? ಹುಡುಗರು ಅವರಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದರು. ಎಲ್ಲರ ಹಾಳೆಗಳನ್ನೂ ಹಲಗೆಗೆ ಚುಚ್ಚಿಸಿ, ಒಂದು ಕಣ್ಣು ಕಿರಿದು ಮಾಡಿ ನೋಡುತ್ತ ಹೋಗುವರು. ಸರಿಯಿಲ್ಲದ್ದರ ಸೂಜಿ ಕಿತ್ತು ಮುಂದೆ ನಡೆಯುವರು. ಹಾಳೆ ಬೀಳುತ್ತಿತ್ತು. ಬಿದ್ದದ್ದನ್ನು ತಿರುಗಿ ನೋಡುತ್ತಿರಲಿಲ್ಲ.

ಮಗಳೂ ಆ ತರಗತಿಯಲ್ಲಿ ಒಂದು ವರ್ಷ ಕೂತಿದ್ದಳು. ಒಂದೇ ಅಳತೆಯ ನಾಲ್ಕು ಕಪ್ಪು ಚೌಕಗಳಲ್ಲಿ ಒಂಟಿತನ ತೋರಿಸಿ ಎಂದರು ಒಂದು ದಿನ. ಎಲ್ಲರೂ ಮೂರನ್ನು ಒತ್ತಟ್ಟಿಗೆ ಅಂಟಿಸಿ, ನಾಲ್ಕನೆಯದನ್ನು ಮೂಲೆಗೆ ತಳ್ಳಿದರು. ಅವಳು ಹಾಳೆಯ ನಾಲ್ಕು ಅಂಚಿಗೆ ಒಂದೊಂದು ಅಂಟಿಸಿ ನಡುವೆ ಖಾಲಿ ಬಿಟ್ಟಳು. ಮನೆಯಲ್ಲಿ ದಿನವೂ ಕಂಡದ್ದನ್ನೇ ಮಾಡಿದ್ದಳು. ಅಪ್ಪನಿಗೆ ಗೊತ್ತಾಗುತ್ತದೆ ಎಂದು ಕಾದು ನಿಂತಳು.

ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು.

“ಇದೇನಿದು? ಊಟದ ಮೇಜು. ನಾಲ್ಕು ಜನ ಆರಾಮಾಗಿ ಊಟಕ್ಕೆ ಕೂತಿದಾರೆ. ಒಂಟಿತನ ಎಲ್ಲಿ ಬಂತು ಇದರಲ್ಲಿ?”

ತರಗತಿ ಘೊಳ್ಳೆಂದು ನಕ್ಕಿತು. ಅಪ್ಪ ಸೂಜಿ ಕಿತ್ತರು.

ವರ್ಷ ಮುಗಿಯುತ್ತಲೇ ಅವಳು ಕಾಲೇಜು ಬಿಟ್ಟಳು. ಕನ್ನಡಕದ ಅಂಗಡಿ ಸೇರಿದಳು. ಕಣ್ಣು ಕಿರಿದು ಮಾಡಿ ನೋಡುವವರೆಲ್ಲ ಅಲ್ಲಿ ಅವಳ ಗಿರಾಕಿಗಳು. ಕೆಲವು ದಿನಗಳ ನಂತರ ಅಮ್ಮ ಒಂದು ಮಾತು ಹೇಳಿದ್ದರು: “ನಿನ್ನ ಹಾಳೆನ ಅವರು ಬೀರುವಲ್ಲಿ ಇಟ್ಕೊಂಡಿದಾರಂತೆ. ಇನ್ಮೇಲೆ ಪ್ರತಿ ವರ್ಷ ತರಗತಿಲಿ ತೆಗೀತಾರಂತೆ.” ಅಪ್ಪ ಮುಖ ಕೊಟ್ಟು ಮಾತಾಡದ ಇಪ್ಪತ್ತೆರಡು ವರ್ಷ ಅವಳು ಆ ಒಂದು ಮಾತಿನ ಮೇಲೆ ಬದುಕಿದ್ದಳು.

*

ದೇಹ ಬಂದು ಮೇಜಿನ ಜಾಗದಲ್ಲಿ ಮಲಗಿತು. ಮೂರು ಗಂಟೆಯ ಹೊತ್ತಿಗೆ ಹೊಸ ಮೇಷ್ಟ್ರು ಬಂದ. ಹಿಂದೆ ಅಪ್ಪನ ವಿದ್ಯಾರ್ಥಿ, ಈಗ ಅದೇ ಪಾಠ ಮಾಡುವವನು. ಕಂಕುಳಲ್ಲಿ ದೊಡ್ಡ ರಟ್ಟಿನ ಚೀಲ.

“ಫೋನಲ್ಲಿ ನೀವು ಹೇಳಿದ ಕೂಡಲೇ ಗೊತ್ತಾಯ್ತು ಮೇಡಂ. ಈ ಹಾಳೆ ಮರೆಯೋಕಾಗುತ್ತಾ?”

ಹಾಳೆ ಹಳದಿಗಟ್ಟಿತ್ತು, ಚೌಕಗಳು ಹಾಗೇ ಇದ್ದವು. ಹಿಂಬದಿಯಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದಿದ್ದ ಹೆಸರನ್ನು ಯಾರೋ ರಬ್ಬರಿನಿಂದ ಉಜ್ಜಿದ್ದರು. ಮೇಲಂಚಿನ ತುಂಬ ಸೂಜಿಯ ತೂತುಗಳು. ಅವಳು ಅವುಗಳ ಮೇಲೆ ಬೆರಳಾಡಿಸಿದಳು. ಸಂತೋಷದಿಂದ ಎಣಿಸತೊಡಗಿದಳು.

“ಎಷ್ಟು ಸಲ ಹಾಕಿದಾರೆ!”

“ಪ್ರತಿ ವರ್ಷ ಮೇಡಂ, ಮೊದಲನೇ ದಿನವೇ. ಹಲಗೆಗೆ ಹಾಕಿ, ‘ನೋಡಿ, ಕೈಲಾಗದೋರು ಹೀಗೆ ಮಾಡ್ತಾರೆ. ಇದರಲ್ಲಿ ತಲೆನೂ ಇಲ್ಲ, ಕಣ್ಣೂ ಇಲ್ಲ’ ಅನ್ನೋರು. ಆಮೇಲೆ ಸೂಜಿ ಕಿತ್ತು ಬೀಳಿಸೋರು. ನಕ್ಕು ನಕ್ಕು ಸಾಕಾಗ್ತಿತ್ತು. ಯಾರೋ ಪಾಪ, ದಡ್ಡ ಶಿಖಾಮಣಿ. ಆದ್ರೆ ನಾವೆಲ್ಲ ಕಲಿತಿದ್ದು ಅದರಿಂದಲೇ.”

ಅಣ್ಣ ತಲೆ ತಗ್ಗಿಸಿದ. ಅವಳು ಅಮ್ಮನ ಕಡೆ ತಿರುಗಿದಳು.

“ಅಮ್ಮ, ನಿಂಗೆ ಗೊತ್ತಿತ್ತಾ?”

ಅಮ್ಮ ಅಪ್ಪನ ಮೇಲಿನ ಹೊದಿಕೆಯ ನೆರಿಗೆ ಸರಿಮಾಡುತ್ತಿದ್ದರು. “ಇಟ್ಕೊಂಡಿದಾರೆ ಅಂದೆ. ಇಟ್ಕೊಂಡಿದ್ರು. ಯಾಕೆ ಅಂತ ನೀನೂ ಒಂದಿನ ಕೇಳಲಿಲ್ಲ.”

“ಯಾಕಮ್ಮ ಹೇಳಿದೆ ಹಂಗೆ?”

“ಊಟ ಬಿಟ್ಟಿದ್ದೆ ನೀನು. ಮೂರು ದಿನ ಆಗಿತ್ತು.”

ಹೊಸ ಮೇಷ್ಟ್ರು ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು ನೋಡಿದ. ಹಾಳೆ ಯಾರದೆಂದು ಅವನಿಗೆ ಆಗಲೂ ಹೊಳೆಯಲಿಲ್ಲ.

“ಮೇಡಂ, ಬೇಜಾರು ಮಾಡ್ಕೋಬೇಡಿ. ಸರ್ ಪಕ್ಕ ಒಂದು ಗಳಿಗೆ ಇಟ್ಟು ವಾಪಸ್ ಕೊಡ್ತೀರಾ? ಸೋಮವಾರ ಹೊಸ ಬ್ಯಾಚು ಶುರು.”

ಹೊರಗೆ ಗಾಡಿ ಬಂದು ನಿಂತಿತು. ಹೊರುವವರು ನಾಲ್ವರು ಚಪ್ಪಲಿ ಹಾಕಿಕೊಂಡೇ ಒಳಬಂದರು.

ಅವಳು ಹಾಳೆಯನ್ನು ಅಪ್ಪನ ಪಕ್ಕ ಇಡಲಿಲ್ಲ. ಮೇಲಂಚಿನ ಚೌಕದ ಕೆಳಗೆ ಉಗುರು ತೂರಿಸಿದಳು. ಮೇಜಿನಲ್ಲಿ ಅದು ಅಪ್ಪನ ಬದಿ. ಹಳೇ ಗೋಂದು ಪುಡಿಯಾಗಿ ಉದುರಿ, ಚೌಕ ಸಲೀಸಾಗಿ ಎದ್ದುಬಂತು. ಕೈಬಿಟ್ಟಳು. ಬಿದ್ದದ್ದನ್ನು ತಿರುಗಿ ನೋಡಲಿಲ್ಲ. ದೇಹ ಎತ್ತಿಕೊಂಡವರ ಪೈಕಿ ಒಬ್ಬ ಅದನ್ನು ತುಳಿದು, ಒದ್ದೆ ಚಪ್ಪಲಿಗೆ ಅಂಟಿಸಿಕೊಂಡು ಬಾಗಿಲು ದಾಟಿದ.

“ತಗೊಳ್ಳಿ,” ಎಂದು ಅವಳು ಹಾಳೆಯನ್ನು ಹೊಸ ಮೇಷ್ಟ್ರ ಕೈಗೆ ಕೊಟ್ಟಳು. “ಸೋಮವಾರಕ್ಕೆ ಬೇಕಲ್ಲ.”

ಅವನು ಗಾಬರಿಯಾದ. ಆದರೂ ಅಭ್ಯಾಸ ಬಿಡಬೇಕಲ್ಲ. ಹಾಳೆಯನ್ನು ತೋಳುದ್ದ ಹಿಡಿದು ಒಂದು ಕಣ್ಣು ಕಿರಿದು ಮಾಡಿದ.

“ಅರೆ, ಈಗ ಬಂತು ನೋಡಿ ಒಂಟಿತನ!” ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಹಳದಿ ಹಾಳೆಯ ಮೂರು ಅಂಚಿನಲ್ಲಿ ಮೂರು ಕಪ್ಪು ಚೌಕಗಳಿದ್ದವು. ನಾಲ್ಕನೆಯ ಅಂಚಿನಲ್ಲಿ, ಇಪ್ಪತ್ತೆರಡು ವರ್ಷ ಬೆಳಕು ಕಾಣದ ಕಾಗದ, ಅದೇ ಅಳತೆಗೆ, ಬೆಳ್ಳಗೆ ಉಳಿದಿತ್ತು.